ಹಾಡಿನ ಕೂಟವೂ ಹಾಡಿನ ಒಕ್ಕೂಟವೂ

ಹತ್ತು ಜನ ಒಂದೆಡೆ ಕುಳಿತು ಕೂಡಿ ಹಾಡುವುದಕ್ಕೆ ದೊಡ್ಡ ಬಂಡವಾಳವೇನೂ ಬೇಕಾಗಿಲ್ಲ. ಒಂದು ಸಂಜೆ, ಒಂದು ಜಮಖಾನೆ, ತಪ್ಪದೆ ಬಂದು ಕೂರುವ ಮನಸ್ಸು ಇಷ್ಟಿದ್ದರೆ ಸಾಕು. ವಿದ್ಯಾರ್ಥಿನಿಲಯದ ಸಂಜೆಯ ಪ್ರಾರ್ಥನೆಯಲ್ಲಿ ದನಿಗೂಡಿಸಿ ಬೆಳೆದ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಇಂತಹ ನೂರು ಕೂಟಗಳು ಸೇರಿ ಒಂದು ಒಕ್ಕೂಟವಾದಾಗ ವಿಷಯ ಅಷ್ಟು ಸರಳವಾಗಿ ಉಳಿಯುವುದಿಲ್ಲ. ಆಗ ಎರಡು ಪ್ರಶ್ನೆಗಳು ತಲೆದೋರುತ್ತವೆ. ಹಾಡನ್ನು ಆರಿಸುವವರು ಯಾರು? ಜಮಖಾನೆಯ ಮೇಲೆ ಕೂರುವ ಅವಕಾಶ ಯಾರಿಗೆ ಉಂಟು, ಯಾರಿಗೆ ಇಲ್ಲ? ಸಂಗೀತ ಸಂಘಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಗಾಯಕರ ಸಂಖ್ಯೆಯನ್ನೂ ಉತ್ಸವಗಳ ವೈಭವವನ್ನೂ ಎಣಿಸಿದ್ದಾರೆಯೇ ಹೊರತು, ಈ ಎರಡು ಪ್ರಶ್ನೆಗಳನ್ನು ಕೇಳಿದವರು ವಿರಳ. ಪ್ರಸ್ತುತ ಲೇಖನದಲ್ಲಿ ಆ ಪ್ರಶ್ನೆಗಳನ್ನೇ ಒರೆಗಲ್ಲಾಗಿಟ್ಟುಕೊಂಡು ಒಂದು ಪ್ರಸಿದ್ಧವಾದ ಕಥೆಯನ್ನು ಪರಿಶೀಲಿಸಬೇಕೆಂದಿದ್ದೇನೆ.

ಆ ಕಥೆ ಬಾಲ್ಟಿಕ್ ಸಮುದ್ರದ ಪೂರ್ವ ದಡದಲ್ಲಿರುವ ಎಸ್ಟೋನಿಯ ಎಂಬ ಪುಟ್ಟ ನಾಡಿನದು. ನಮ್ಮ ಒಂದು ದೊಡ್ಡ ಜಿಲ್ಲೆಯಲ್ಲಿರುವಷ್ಟು ಜನವೂ ಅಲ್ಲಿಲ್ಲ. ೧೯೮೮ನೆಯ ಇಸವಿ ಸೆಪ್ಟೆಂಬರ್ ೧೧ರಂದು, ಆ ನಾಡು ಇನ್ನೂ ಸೋವಿಯತ್ ಒಕ್ಕೂಟದ ವಶದಲ್ಲಿದ್ದಾಗ, ರಾಜಧಾನಿ ತಾಲಿನ್ನಿನ ಗಾನೋತ್ಸವದ ಬಯಲಿನಲ್ಲಿ ಸುಮಾರು ಮೂರು ಲಕ್ಷ ಜನ ನೆರೆದರು ಎಂದು ಲೆಕ್ಕ ಹೇಳುತ್ತಾರೆ. ಅಂದಿನ ಒಟ್ಟು ಜನಸಂಖ್ಯೆ ಸುಮಾರು ಹದಿನೈದು ಲಕ್ಷ. ಅಂದರೆ ಐವರಲ್ಲಿ ಒಬ್ಬರು ಬಂದು ನಿಂತು ಹಾಡಿದರು. ಮೂರು ವರ್ಷಗಳ ತರುವಾಯ, ೧೯೯೧ರ ಆಗಸ್ಟ್ ೨೦ರಂದು, ಎಸ್ಟೋನಿಯ ರಕ್ತ ಹರಿಸದೆ ಸ್ವತಂತ್ರವಾಯಿತು. ಇದಕ್ಕೆ ‘ಹಾಡುವ ಕ್ರಾಂತಿ’ ಎಂಬ ಹೆಸರು ಬಂತು. ಕೇಳುವುದಕ್ಕೆ ಇಂಪಾದ ಹೆಸರು. ಆದರೆ ಹೆಸರಿನ ಇಂಪಿಗೆ ಮಾರುಹೋಗಿ, ಒಂದು ಬೇಸಗೆಯಲ್ಲಿ ಜನ ಎದ್ದು ಹಾಡಿದರು, ಸಾಮ್ರಾಜ್ಯ ಕುಸಿಯಿತು ಎಂದು ನಂಬಿದರೆ ನಾವು ಮುಖ್ಯವಾದುದನ್ನೇ ಕಾಣದೆ ಹೋಗುತ್ತೇವೆ. ಆ ಮೂರು ಲಕ್ಷ ಜನರಿಗೆ ಒಂದೇ ಹಾಡು, ಒಂದೇ ಲಯದಲ್ಲಿ, ಒಟ್ಟಿಗೆ ಹಾಡಲು ಬಂದುದಾದರೂ ಹೇಗೆ? ಇದಕ್ಕೆ ಉತ್ತರ ಆ ಬಯಲಿನಲ್ಲಿ ಇಲ್ಲ. ಅದರ ಹಿಂದಿನ ನೂರಿಪ್ಪತ್ತು ವರ್ಷಗಳ ವಾರವಾರದ ಅಭ್ಯಾಸದಲ್ಲಿದೆ.

ಈ ಸಂಘಗಳ ಮೂಲ ಎಸ್ಟೋನಿಯದ್ದಲ್ಲ, ಜರ್ಮನ್ ಭಾಷೆಯ ನಾಡುಗಳದು. ೧೮೦೯ರಲ್ಲಿ ಬರ್ಲಿನ್ನಿನ ಕಾರ್ಲ್ ಫ್ರೀಡ್ರಿಶ್ ತ್ಸೆಲ್ಟರ್ ಎಂಬ ಸಂಗೀತಗುರು ‘ಲೀಡರ್‌ಟಾಫೆಲ್’ ಎಂಬ ಕೂಟವನ್ನು ಆರಂಭಿಸಿದನು. ಹಾಡಿನ ಮೇಜು ಎಂಬುದು ಆ ಹೆಸರಿನ ಅರ್ಥ. ಇಪ್ಪತ್ತೈದರಷ್ಟು ಗಂಡಸರು ಒಂದು ಮೇಜಿನ ಸುತ್ತ ಊಟಕ್ಕೆ ಕೂತು, ತಾವೇ ಬರೆದು ತಾವೇ ರಾಗ ಹಾಕಿದ ಹಾಡುಗಳನ್ನು ಹಾಡುತ್ತಿದ್ದರು. ಸದಸ್ಯನಾದವನು ಕವಿಯೋ ಗಾಯಕನೋ ರಾಗಸಂಯೋಜಕನೋ ಆಗಿರಲೇಬೇಕಿತ್ತು. ಅದೊಂದು ಮುಚ್ಚಿದ ಬಾಗಿಲಿನ ಕೂಟ. ಅದೇ ಸುಮಾರಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಹಾನ್ಸ್ ಗೇಯೋರ್ಗ್ ನೇಗೆಲಿ ಎಂಬವನು ಬೇರೊಂದು ದಾರಿ ಹಿಡಿದನು. ಶಿಕ್ಷಣತಜ್ಞ ಪೆಸ್ಟಲೋಜಿಯ ತತ್ತ್ವಗಳನ್ನು ಅನುಸರಿಸಿ, ಯಾವ ಸಾಮಾನ್ಯನಿಗಾದರೂ ಸ್ವರಲಿಪಿ ಓದಿ ಹಾಡುವುದನ್ನು ಕಲಿಸಬಹುದು ಎಂದು ಸಾರಿ, ಅದಕ್ಕೆ ಬೇಕಾದ ಪಠ್ಯವನ್ನು ೧೮೧೦ರಲ್ಲಿ ಹೊರತಂದನು. ಒಂದು ಕೂಟ ಬಲ್ಲವರದು, ಇನ್ನೊಂದು ಕಲಿಯಬಯಸುವವರದು. ಮುಂದೆ ಯೂರೋಪಿನ ಊರೂರುಗಳಲ್ಲಿ ಎದ್ದ ಸಾವಿರಾರು ಸಂಘಗಳು ಹೆಸರನ್ನು ಬಹುಮಟ್ಟಿಗೆ ತ್ಸೆಲ್ಟರನಿಂದಲೂ ಪ್ರಾಣವನ್ನು ನೇಗೆಲಿಯಿಂದಲೂ ಪಡೆದವು ಎಂದರೆ ತಪ್ಪಾಗಲಾರದು.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ವಾಚಕರ ಗಮನಕ್ಕೆ ತರಬೇಕು. ನಮ್ಮ ಭಜನೆಯಲ್ಲಿ ಮುಂದಾಳು ಒಂದು ಸೊಲ್ಲು ಹೇಳುತ್ತಾನೆ, ಹಿಮ್ಮೇಳದವರು ಅದನ್ನೇ ಎತ್ತಿ ಹಾಡುತ್ತಾರೆ. ಎಲ್ಲರದೂ ಒಂದೇ ಧಾಟಿ. ಆ ಸಂಘಗಳದ್ದು ನಾಲ್ಕು ಪಾಲಿನ ಹಾಡು. ಮೇಲಿನ ದನಿಯವರ ಧಾಟಿ ಒಂದು, ಕೆಳಗಿನ ದನಿಯವರದು ಇನ್ನೊಂದು. ನಾಲ್ಕೂ ಕೂಡಿದಾಗ ಮಾತ್ರ ಹಾಡು ಪೂರ್ಣವಾಗುತ್ತದೆ. ಒಬ್ಬೊಬ್ಬರದನ್ನೇ ಬಿಡಿಸಿ ಕೇಳಿದರೆ ಅರೆಬರೆಯಾಗಿ ಕೇಳುತ್ತದೆ. ಆದ್ದರಿಂದ ಅಲ್ಲಿ ಅಭ್ಯಾಸಕ್ಕೆ ಬರುವುದು ಇಷ್ಟದ ಮಾತಲ್ಲ, ಕರ್ತವ್ಯದ ಮಾತು. ಕೆಳದನಿಯ ಇಬ್ಬರು ಒಂದು ವಾರ ತಪ್ಪಿಸಿಕೊಂಡರೆ ಉಳಿದ ಇಪ್ಪತ್ತು ಜನರ ಶ್ರಮ ವ್ಯರ್ಥ. ಒಬ್ಬನ ಕೊರತೆ ಎಲ್ಲರ ಕೊರತೆಯಾಗುವ ಈ ಏರ್ಪಾಟು, ತನಗರಿವಿಲ್ಲದೆಯೇ, ಜನರಿಗೆ ಸಂಘಜೀವನದ ಪಾಠವನ್ನು ಕಲಿಸಿತು.

ಕೂಟಗಳು ಹೆಚ್ಚಿದಂತೆ ಒಕ್ಕೂಟಗಳು ಬಂದವು. ಸ್ವಿಟ್ಜರ್ಲೆಂಡಿನ ಗಾಯನ ಸಂಘಗಳು ೧೮೪೨ರಲ್ಲಿ ಒಂದುಗೂಡಿದವು. ಜರ್ಮನ್ ಗಾಯಕರ ಮಹಾ ಒಕ್ಕೂಟ ೧೮೬೨ರಲ್ಲಿ ಕೋಬುರ್ಗ್ ನಗರದಲ್ಲಿ ಸ್ಥಾಪನೆಯಾಯಿತು. ಜರ್ಮನಿ ಆಗಿನ್ನೂ ಹತ್ತಾರು ಸಂಸ್ಥಾನಗಳಾಗಿ ಹರಿದು ಹಂಚಿಹೋಗಿತ್ತು. ಅರಸರು ರಾಜಕೀಯ ಸಭೆಗಳನ್ನು ಸಂಶಯದಿಂದ ನೋಡುತ್ತಿದ್ದ ಕಾಲದಲ್ಲಿ ಹಾಡಿನ ಸಭೆ ಸೇರಲು ಸಾಧ್ಯವಿತ್ತು. ಒಕ್ಕೂಟದ ಪ್ರಯೋಜನಗಳು ಸ್ಪಷ್ಟವಾಗಿದ್ದವು. ಎಲ್ಲ ಊರುಗಳಿಗೂ ಒಂದೇ ಪಾಠವುಳ್ಳ ಹಾಡಿನ ಪುಸ್ತಕ ಮುದ್ರಣವಾಗುತ್ತಿತ್ತು. ಬೇರೆಬೇರೆ ಊರಿನವರು ಮೊದಲ ಬಾರಿ ಒಂದೆಡೆ ಸೇರಿದಾಗಲೂ ಒಟ್ಟಿಗೆ ಹಾಡಬಹುದಾಗಿತ್ತು. ಬಡ ಹಳ್ಳಿಯ ಮೇಳಕ್ಕೂ ದೊಡ್ಡ ವೇದಿಕೆಯ ಅನುಭವ ದೊರೆಯುತ್ತಿತ್ತು. ಒಂದು ನಾಡು ರಾಜ್ಯವಾಗುವ ಮೊದಲೇ ಹಾಡಿನಲ್ಲಿ ಒಂದಾಗಿತ್ತು ಎಂದು ಚರಿತ್ರಕಾರರು ಮೆಚ್ಚಿ ಬರೆಯುವುದು ಇದನ್ನೇ. ಆ ಮೆಚ್ಚುಗೆ ನ್ಯಾಯವಾದುದೇ. ಅದರ ಮುಂದಿನ ಅಧ್ಯಾಯವನ್ನು ಆಮೇಲೆ ನೋಡೋಣ.

ಈಗ ಎಸ್ಟೋನಿಯಕ್ಕೆ ಹೋಗೋಣ. ಅಲ್ಲಿ ಭೂಮಿಯೆಲ್ಲ ಶತಮಾನಗಳಿಂದ ಜರ್ಮನ್ ಜಮೀನ್ದಾರರದು. ೧೭೧೦ರಿಂದ ರಾಜ್ಯ ರಷ್ಯದ ಚಕ್ರವರ್ತಿಯದು. ನಾಡಿನ ಮೂಲ ಜನ ಭೂಮಿಗೆ ಕಟ್ಟುಬಿದ್ದ ಜೀತದವರು. ದಕ್ಷಿಣ ಭಾಗದ ಜೀತದವರಿಗೆ ೧೮೧೯ರ ಕಾನೂನಿನಿಂದ ಬಿಡುಗಡೆ ದೊರೆಯಿತು, ಆದರೆ ಭೂಮಿ ದೊರೆಯಲಿಲ್ಲ. ಇಂತಹ ಜನರಿಗೆ ನಾಲ್ಕು ಪಾಲಿನ ಹಾಡು ಬಂದುದು ಎರಡು ದಾರಿಗಳಿಂದ. ಮೊದಲನೆಯದು ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಿಂದ ೧೭೩೦ರ ದಶಕದಲ್ಲಿ ಬಂದ ಒಂದು ಭಕ್ತ ಸಮುದಾಯ. ಅವರ ಪ್ರಾರ್ಥನಾಮಂದಿರಗಳಲ್ಲಿ ರೈತರೇ ಓದುವವರು, ರೈತರೇ ಉಪದೇಶಿಸುವವರು, ರೈತರೇ ಹಾಡುವವರು. ೧೭೪೩ರಲ್ಲಿ ರಷ್ಯದ ರಾಣಿ ಎಲಿಜವೇಟಾ ಇದನ್ನು ನಿಷೇಧಿಸಿದಳು. ಆದರೂ ಅದು ಗುಟ್ಟಾಗಿ ಮುಂದುವರಿಯಿತು. ಎರಡನೆಯದು ಹಳ್ಳಿಯ ಶಾಲೆ. ಯಾನಿಸ್ ತ್ಸಿಮ್ಜೆ ಎಂಬ ಲಾಟ್ವಿಯದ ಶಿಕ್ಷಕ ೧೮೩೯ರಲ್ಲಿ ಆರಂಭಗೊಂಡ ಒಂದು ಉಪಾಧ್ಯಾಯ ತರಬೇತಿ ಶಾಲೆಯನ್ನು ನಡೆಸುತ್ತಿದ್ದನು. ಅಲ್ಲಿ ಕಲಿತವರು ಅಕ್ಷರದ ಜೊತೆಗೆ ಸ್ವರಲಿಪಿಯನ್ನೂ ಹಳ್ಳಿಗಳಿಗೆ ಒಯ್ದರು. ಎಸ್ಟೋನಿಯದ ಮೊದಲ ರಾಗಸಂಯೋಜಕರಲ್ಲಿ ಒಬ್ಬನಾದ ಅಲೆಕ್ಸಾಂಡರ್ ಕುನಿಲೈಡ್ ಕಲಿತದ್ದು ಅಲ್ಲಿಯೇ.

ಯೋಹಾನ್ ವೋಲ್ಡೆಮಾರ್ ಯಾನ್‌ಸೆನ್ ಎಂಬವನು ಹಳ್ಳಿಯ ಶಾಲೆಯ ಉಪಾಧ್ಯಾಯ, ಚರ್ಚಿನ ಗುಮಾಸ್ತ. ೧೮೫೭ರಲ್ಲಿ ಅವನು ಒಂದು ವಾರಪತ್ರಿಕೆಯನ್ನು ಆರಂಭಿಸಿ, ಅದುವರೆಗೆ ತಮ್ಮನ್ನು ‘ಹಳ್ಳಿಯ ಜನ’ ಎಂದಷ್ಟೇ ಕರೆದುಕೊಳ್ಳುತ್ತಿದ್ದವರನ್ನು ‘ಎಸ್ಟೋನಿಯದ ಜನ’ ಎಂದು ಸಂಬೋಧಿಸಿದನು. ೧೮೬೫ರಲ್ಲಿ ತಾರ್ತು ನಗರದಲ್ಲಿ ‘ವಾನೆಮುಯ್ನೆ’ ಎಂಬ ಗಾಯನ ಸಂಘವನ್ನು ಸ್ಥಾಪಿಸಿದನು. ಬಾಲ್ಟಿಕ್ ಪ್ರಾಂತದ ಜರ್ಮನರು ೧೮೫೭ರಲ್ಲಿ ತಾಲಿನ್ನಿನಲ್ಲಿಯೂ ೧೮೬೧ರಲ್ಲಿ ರೀಗಾದಲ್ಲಿಯೂ ತಮ್ಮ ಗಾನೋತ್ಸವಗಳನ್ನು ನಡೆಸಿದ್ದರು. ಜಮೀನ್ದಾರರ ಮಕ್ಕಳು ಮಾಡಬಹುದಾದುದನ್ನು ಜೀತದವರ ಮಕ್ಕಳೇಕೆ ಮಾಡಬಾರದು? ಜೀತವಿಮೋಚನೆಯ ಐವತ್ತನೆಯ ವರ್ಷದ ನೆಪದಲ್ಲಿ, ಚಕ್ರವರ್ತಿಗೆ ಕೃತಜ್ಞತೆ ಅರ್ಪಿಸುವ ಸಮಾರಂಭವೆಂದು ಹೇಳಿ ಸರಕಾರದ ಅನುಮತಿ ಪಡೆದದ್ದಾಯಿತು. ೧೮೬೯ರ ಜೂನ್ ತಿಂಗಳಲ್ಲಿ ತಾರ್ತುವಿನಲ್ಲಿ ೫೧ ಮೇಳಗಳು, ೮೦೦ಕ್ಕೂ ಹೆಚ್ಚು ಗಾಯಕರು ಮತ್ತು ವಾದಕರು ಮೂರು ದಿನ ಹಾಡಿ ನುಡಿಸಿದರು. ಕೇಳಲು ಬಂದವರು ಹತ್ತು ಸಾವಿರಕ್ಕೂ ಹೆಚ್ಚು. ಆ ವೇದಿಕೆಯಿಂದಲೇ ಯಾಕೋಬ್ ಹರ್ಟ್ ಎಂಬ ವಿದ್ವಾಂಸ, ಓದಿ ಮುಂದೆ ಬಂದವರು ತಮ್ಮ ಜನರನ್ನು ಬಿಟ್ಟುಹೋಗಬಾರದು, ಮಕ್ಕಳಿಗೆ ತಾಯ್ನುಡಿಯಲ್ಲಿ ವಿದ್ಯೆ ದೊರೆಯಬೇಕು ಎಂಬ ಆಶಯದ ಭಾಷಣ ಮಾಡಿದನು.

ಇಷ್ಟು ಹೊಗಳಿಕೆಗೆ ಅರ್ಹವಾದ ಭಾಗ. ಇನ್ನು ನಮ್ಮ ಒರೆಗಲ್ಲನ್ನು ತೆಗೆದುಕೊಳ್ಳೋಣ. ಹಾಡನ್ನು ಆರಿಸಿದವರು ಯಾರು? ಆ ಮೂರು ದಿನಗಳ ಕಾರ್ಯಕ್ರಮದಲ್ಲಿ ಎಸ್ಟೋನಿಯದವನೇ ರಾಗ ಹಾಕಿದ ಹಾಡುಗಳು ಎರಡೇ ಎರಡು. ಎರಡೂ ಕುನಿಲೈಡನವು. ಉಳಿದವುಗಳಲ್ಲಿ ಹೆಚ್ಚಿನವು ಜರ್ಮನ್ ಮೂಲದವು. ಕಾರ್ಲ್ ರೋಬರ್ಟ್ ಯಾಕೋಬ್‌ಸನ್ ಎಂಬ ತರುಣ ನಾಯಕ ಆಗಲೇ ಇದನ್ನು ಆಕ್ಷೇಪಿಸಿದ್ದನು. ಯಜಮಾನನ ವಿರುದ್ಧ ತಲೆಯೆತ್ತಿ ನಿಂತವರು ಹಾಡಿದ್ದು ಯಜಮಾನನ ಧಾಟಿಯನ್ನೇ. ಇನ್ನೊಂದು ಪ್ರಶ್ನೆ: ಕೂರಲು ಅವಕಾಶ ಯಾರಿಗೆ? ಕುನಿಲೈಡನ ಆ ಎರಡು ಹಾಡುಗಳ ಸಾಹಿತ್ಯವನ್ನು ರಚಿಸಿದವಳು ಯಾನ್‌ಸೆನ್ನನ ಮಗಳು ಲಿಡಿಯಾ ಕೊಯ್ದುಲಾ. ಆಕೆ ಅಂದಿನ ಎಸ್ಟೋನಿಯದ ಶ್ರೇಷ್ಠ ಕವಿ. ತಂದೆಯ ಪತ್ರಿಕೆಯ ಕೆಲಸಕ್ಕೂ ಉತ್ಸವದ ಸಿದ್ಧತೆಗೂ ಹೆಗಲುಕೊಟ್ಟವಳು. ಆದರೆ ಆ ಉತ್ಸವದ ಮೇಳಗಳೆಲ್ಲ ಗಂಡಸರ ಮೇಳಗಳು. ತನ್ನ ಮಾತನ್ನು ನೂರಾರು ಕಂಠಗಳು ಹಾಡುವುದನ್ನು ಕವಿ ಕೇಳಬಹುದಿತ್ತು, ಹಾಡುವಂತಿರಲಿಲ್ಲ. ಹೆಣ್ಣು ಗಂಡು ಕೂಡಿದ ಮೇಳಗಳಿಗೆ ಉತ್ಸವದಲ್ಲಿ ಸ್ಥಾನ ದೊರೆತದ್ದು ೧೮೯೧ರಲ್ಲಿ, ನಾಲ್ಕನೆಯ ಉತ್ಸವದಲ್ಲಿ. ಅಷ್ಟರಲ್ಲಿ ಕೊಯ್ದುಲಾ ತೀರಿಹೋಗಿ ಐದು ವರ್ಷಗಳಾಗಿದ್ದವು.

ಮೂರನೆಯ ಒಂದು ನಷ್ಟವೂ ಉಂಟು. ಅದು ಹೆಚ್ಚು ಸೂಕ್ಷ್ಮವಾದುದು. ಎಸ್ಟೋನಿಯದವರಿಗೆ ತಮ್ಮದೇ ಆದ ಪ್ರಾಚೀನ ಹಾಡಿನ ಸಂಪ್ರದಾಯವಿತ್ತು. ಅದಕ್ಕೆ ‘ರೆಗಿಲಾವುಲ್’ ಎಂದು ಹೆಸರು. ಒಬ್ಬಳು ಸೊಲ್ಲು ಹೇಳುತ್ತಾಳೆ, ಉಳಿದವರು ಅದನ್ನು ಎತ್ತಿಕೊಳ್ಳುತ್ತಾರೆ. ನಮ್ಮ ಸೋಬಾನೆ ಪದಗಳನ್ನೂ ಬೀಸುವ ಕಲ್ಲಿನ ಪದಗಳನ್ನೂ ಕೇಳಿ ಬಲ್ಲವರಿಗೆ ಇದು ತಟ್ಟನೆ ಅರ್ಥವಾದೀತು. ಅಲ್ಲಿಯೂ ಈ ಹಾಡನ್ನು ಹೆಚ್ಚಾಗಿ ಕಾಪಾಡಿಕೊಂಡು ಬಂದವರು ಹೆಂಗಸರೇ. ಮದುವೆಯಲ್ಲಿ, ಹೊಲದಲ್ಲಿ, ಉಯ್ಯಾಲೆಯಲ್ಲಿ, ತೊಟ್ಟಿಲ ಬಳಿ ಅವರು ಹಾಡುತ್ತಿದ್ದರು. ಹೆರ್ನ್‌ಹುಟ್ಟಿನ ಭಕ್ತರು ರೈತನಿಗೆ ಆತ್ಮಗೌರವವನ್ನು ಕೊಟ್ಟದ್ದು ನಿಜ. ಆದರೆ ಈ ಹಳೆಯ ಹಾಡನ್ನೂ ಕುಣಿತವನ್ನೂ ಚೀಲದ ಕೊಳಲನ್ನೂ ಪಾಪವೆಂದು ದೂರ ಮಾಡಿದ್ದೂ ನಿಜ. ಜನರೇ ತಮ್ಮ ವಾದ್ಯಗಳನ್ನು ನಾಶಮಾಡಿದ ಸಂಗತಿಗಳು ದಾಖಲಾಗಿವೆ. ಆಮೇಲೆ ಬಂದ ಗಾಯನ ಸಂಘಗಳ ಕಣ್ಣಿಗೆ ಅದು ಹಳೆಯ ಕಾಲದ ಒರಟು ಹಾಡಾಗಿ ಕಂಡಿತು. ಭಕ್ತಿಯೂ ಸುಧಾರಣೆಯೂ ಒಳ್ಳೆಯ ಉದ್ದೇಶದಿಂದಲೇ ಹೊರಟು, ಮನೆಯ ಮುದುಕಿಯ ಬಾಯಿ ಮುಚ್ಚಿಸಿದ ಉದಾಹರಣೆ ಇದು. ಧಾರ್ಮಿಕ ಸಂಸ್ಥೆಗಳಲ್ಲಿ ಶ್ರದ್ಧೆಯುಳ್ಳ ನಾವು ಇದನ್ನು ಬೇರೆಯವರ ಕಥೆಯೆಂದು ಓದಿ ಮುಗಿಸುವಂತಿಲ್ಲ.

ಆದರೂ ಕೂಟಕ್ಕೆ ತನ್ನನ್ನು ತಾನೇ ತಿದ್ದಿಕೊಳ್ಳುವ ಶಕ್ತಿಯಿತ್ತು ಎಂಬುದನ್ನು ಮರೆಯಬಾರದು. ಅದೇ ಯಾಕೋಬ್ ಹರ್ಟ್ ೧೮೮೮ರಲ್ಲಿ ಹಳೆಯ ಹಾಡುಗಳನ್ನು ಬರೆದು ಕಳುಹಿಸಿರೆಂದು ಜನರಿಗೆ ಕರೆಯಿತ್ತನು. ಸಾವಿರಕ್ಕೂ ಹೆಚ್ಚು ಮಂದಿ ಊರೂರುಗಳಿಂದ ಬರೆದು ಕಳುಹಿಸಿದರು. ಸಂಗ್ರಹ ಲಕ್ಷ ಪುಟಗಳನ್ನು ಮೀರಿತು. ಉತ್ಸವದ ಹಾಡುಗಳಲ್ಲಿಯೂ ಬದಲಾವಣೆಯಾಯಿತು. ೧೯೧೦ರ ಉತ್ಸವದ ವೇಳೆಗೆ ಕಾರ್ಯಕ್ರಮದ ಬಹುಪಾಲು ಎಸ್ಟೋನಿಯದವರೇ ರಚಿಸಿದ ಸಂಗೀತವಾಗಿತ್ತು. ೧೯೧೮ರಲ್ಲಿ ದೇಶ ಸ್ವತಂತ್ರವೆಂದು ಘೋಷಿಸಿಕೊಂಡಿತು. ೧೯೨೧ರಲ್ಲಿ ಗಾಯಕರ ಒಕ್ಕೂಟ ಸ್ಥಾಪಿತವಾಯಿತು. ಅದು ೧೯೨೩, ೧೯೨೮, ೧೯೩೩, ೧೯೩೮ ಹೀಗೆ ಐದೈದು ವರ್ಷಗಳಿಗೊಮ್ಮೆ ಉತ್ಸವಗಳನ್ನು ಕ್ರಮವಾಗಿ ನಡೆಸಿತು.

ಆ ೧೯೩೩ನೆಯ ಇಸವಿಯಲ್ಲಿಯೇ ತಾಯಿಬೇರಾದ ಜರ್ಮನಿಯಲ್ಲಿ ಏನಾಯಿತೆಂದು ನೋಡಬೇಕು. ಹಿಟ್ಲರನ ಸರಕಾರ ಬಂದೊಡನೆ ಕಾರ್ಮಿಕರ ಗಾಯನ ಸಂಘಗಳ ಒಕ್ಕೂಟವನ್ನು ಮುಚ್ಚಿಸಲಾಯಿತು. ೧೮೬೨ರ ಮಹಾ ಒಕ್ಕೂಟವನ್ನು ಮುಚ್ಚಿಸಬೇಕಾದ ಅಗತ್ಯವೇ ಬೀಳಲಿಲ್ಲ. ಅದು ಸರಕಾರದ ಸಂಗೀತ ಮಂಡಳಿಯ ಅಂಗವಾಗಿ ಸೇರಿಕೊಂಡಿತು. ಯೆಹೂದಿ ಸದಸ್ಯರನ್ನು ಸಂಘಗಳಿಂದ ಹೊರಹಾಕಲಾಯಿತು. ಅವರು ನಿನ್ನೆಯವರೆಗೆ ಅದೇ ಸಾಲಿನಲ್ಲಿ ನಿಂತು, ಅದೇ ಪುಸ್ತಕ ಹಿಡಿದು ಹಾಡಿದವರು. ಮೆಂಡೆಲ್ಸೋನ್ ಎಂಬ ಮಹಾ ಸಂಗೀತಕಾರನ ಹಾಡುಗಳು ಈ ಸಂಘಗಳಿಗೆಲ್ಲ ಅಚ್ಚುಮೆಚ್ಚಿನವಾಗಿದ್ದವು. ಅವನು ಯೆಹೂದಿ ವಂಶದವನೆಂಬ ಕಾರಣಕ್ಕೆ ಅವೂ ಹೊರಬಿದ್ದವು. ಮೆಂಡೆಲ್ಸೋನನ ಗುರು ಯಾರು ಬಲ್ಲಿರಾ? ಹಾಡಿನ ಮೇಜನ್ನು ಮೊದಲು ಹಾಕಿದ ಅದೇ ತ್ಸೆಲ್ಟರ್. ಗುರುವಿನ ಹೆಸರಿನಲ್ಲಿ ಬೆಳೆದ ಸಂಸ್ಥೆ ಶಿಷ್ಯನನ್ನು ಹೊರದೂಡಿತು. ೧೯೩೭ರಲ್ಲಿ ಬ್ರೆಸ್ಲೌ ನಗರದಲ್ಲಿ ನಡೆದ ಒಕ್ಕೂಟದ ಮಹೋತ್ಸವಕ್ಕೆ ಹಿಟ್ಲರನೇ ಬಂದನು. ಸಾಲು ತಪ್ಪಿರಲಿಲ್ಲ, ಶ್ರುತಿ ತಪ್ಪಿರಲಿಲ್ಲ, ಹೃದಯ ತಪ್ಪಿತ್ತು.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಂದೇ ಬಗೆಯ ಸಂಸ್ಥೆ, ಒಂದೇ ಬಗೆಯ ಪುಸ್ತಕ, ಒಂದೇ ಬಗೆಯ ನಾಲ್ಕು ಪಾಲಿನ ಹಾಡು. ಒಂದು ಕಡೆ ಅದು ಬಿಡುಗಡೆಗೆ ದಾರಿಯಾಯಿತು, ಇನ್ನೊಂದು ಕಡೆ ದೌರ್ಜನ್ಯಕ್ಕೆ ಅಲಂಕಾರವಾಯಿತು. ಆದ್ದರಿಂದ ಕೂಡಿ ಹಾಡುವುದೇ ಒಂದು ಪುಣ್ಯ, ಸಂಗೀತ ತಾನಾಗಿಯೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ಸಭೆಗಳಲ್ಲಿ ನಾವು ಆಡುವ ಮಾತು ಪೂರ್ಣ ಸತ್ಯವಲ್ಲ. ಒಕ್ಕೂಟವೆಂಬುದು ಒಂದು ಪಾತ್ರೆ. ಅದರಲ್ಲಿ ಹಾಲನ್ನೂ ತುಂಬಬಹುದು, ವಿಷವನ್ನೂ ತುಂಬಬಹುದು. ಪಾತ್ರೆ ದೊಡ್ಡದಾಗಿದೆಯೆಂದು ಹಿಗ್ಗುವುದಕ್ಕಿಂತ, ತುಂಬುತ್ತಿರುವವರು ಯಾರೆಂದು ನೋಡುವುದು ವಿವೇಕ.

ಎಸ್ಟೋನಿಯಕ್ಕೂ ಆ ಪರೀಕ್ಷೆ ತಪ್ಪಲಿಲ್ಲ. ೧೯೪೦ರಲ್ಲಿ ಸೋವಿಯತ್ ಸೇನೆ ನಾಡನ್ನು ಹಿಡಿದುಕೊಂಡಾಗ ಸ್ವಯಂಪ್ರೇರಿತ ಸಂಘಗಳನ್ನೆಲ್ಲ ರದ್ದುಮಾಡಲಾಯಿತು. ಯುದ್ಧ ಮುಗಿದ ಮೇಲೆ ಮೇಳಗಳು ಕಾರ್ಖಾನೆಗಳ, ಸಾಮೂಹಿಕ ಬೇಸಾಯ ಕ್ಷೇತ್ರಗಳ, ಸರಕಾರಿ ಸಂಸ್ಕೃತಿ ಭವನಗಳ ಆಶ್ರಯದಲ್ಲಿ ಮತ್ತೆ ನಡೆಯತೊಡಗಿದವು. ಈಗ ಹಾಡನ್ನು ಆರಿಸುವವರು ಅಧಿಕಾರಿಗಳು. ೧೯೪೭ರ ಉತ್ಸವದಲ್ಲಿ ನಾಯಕನ ಸ್ತುತಿಯ ಹಾಡುಗಳ ನಡುವೆ ಒಂದು ಹೊಸ ಧಾಟಿ ಕೇಳಿಬಂತು. ಅದು ಗುಸ್ತಾವ್ ಎರ್ನೆಸಾಕ್ಸ್ ಎಂಬ ಮೇಳನಾಯಕನದು. ೧೮೬೯ರಲ್ಲಿ ಕುನಿಲೈಡನ ರಾಗದಲ್ಲಿ ಹಾಡಿದ್ದ, ‘ಮು ಇಸಮಾ ಆನ್ ಮಿನು ಆರ್ಮ್’ ಎಂಬ ಕೊಯ್ದುಲಾಳ ಗೀತೆಗೆ ಅವನು ಹೊಸ ರಾಗವನ್ನು ಹಾಕಿದ್ದನು. ಮೂರು ವರ್ಷಗಳಲ್ಲಿ ಬಿಗಿ ಹೆಚ್ಚಿತು. ೧೯೫೦ರ ಉತ್ಸವದ ಕಾಲಕ್ಕೆ ಆ ಹಾಡು ಕಾರ್ಯಕ್ರಮದಲ್ಲಿ ಇರಲಿಲ್ಲ. ಅಷ್ಟೇ ಅಲ್ಲ, ಅಲ್ಫ್ರೆಡ್ ಕಾರಿಂದಿ, ರೀಹೋ ಪ್ಯಾಟ್ಸ್, ತೂದುರ್ ವೆತ್ತಿಕ್ ಎಂಬ ಮೂವರು ಪ್ರಮುಖ ಮೇಳನಾಯಕರನ್ನು ಆ ವರ್ಷ ಬಂಧಿಸಲಾಯಿತು. ಅವರು ಶಿಬಿರಗಳ ಸೆರೆಯಿಂದ ಮರಳಿದ್ದು ಸ್ಟಾಲಿನ್ ತೀರಿಕೊಂಡ ಬಳಿಕ, ೧೯೫೦ರ ದಶಕದ ನಡುವಿನಲ್ಲಿ.

೧೯೬೦ರ ಉತ್ಸವದ ಕೊನೆಯಲ್ಲಿ ಒಂದು ಘಟನೆ ನಡೆಯಿತು. ಕಾರ್ಯಕ್ರಮಪಟ್ಟಿಯಲ್ಲಿ ಇಲ್ಲದಿದ್ದ ಅದೇ ಹಾಡನ್ನು ಗಾಯಕರು ತಾವಾಗಿಯೇ ಎತ್ತಿಕೊಂಡರು, ಜನ ದನಿಗೂಡಿಸಿದರು. ಆಮೇಲೆ ಅದನ್ನು ಕಾರ್ಯಕ್ರಮದಿಂದ ದೂರವಿಡುವುದು ಅಧಿಕಾರಿಗಳಿಗೆ ಸಾಧ್ಯವಾಗಲಿಲ್ಲ. ಒಕ್ಕೂಟ ಕೈಬಿಟ್ಟುಹೋದ ಮೇಲೂ ಹಾಡನ್ನು ಆರಿಸುವ ಹಕ್ಕು ಎಲ್ಲಿ ಉಳಿದಿತ್ತು ಎಂಬುದು ಆ ಸಂಜೆ ತಿಳಿದುಬಂತು. ಅದು ಕೂಟಗಳಲ್ಲಿ ಉಳಿದಿತ್ತು, ವಾರಕ್ಕೊಮ್ಮೆ ಸೇರಿ ಅಭ್ಯಾಸ ಮಾಡುವ ಕೊಠಡಿಗಳಲ್ಲಿ ಉಳಿದಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಹೊಗಳುಭಟ್ಟಂಗಿಯ ಹಾಡುಗಳನ್ನು ಹಾಡುತ್ತಲೇ ಒಂದು ಸಾಚಾ ಹಾಡನ್ನು ಉಳಿಸಿಕೊಂಡವರನ್ನು ಧೀರರೆನ್ನಬೇಕೋ, ರಾಜಿಮಾಡಿಕೊಂಡವರೆನ್ನಬೇಕೋ? ಎರ್ನೆಸಾಕ್ಸ್ ಸೋವಿಯತ್ ಸರಕಾರದ ಪ್ರಶಸ್ತಿಗಳನ್ನು ಪಡೆದವನು. ಸೋವಿಯತ್ ಎಸ್ಟೋನಿಯದ ರಾಷ್ಟ್ರಗೀತೆಗೆ ರಾಗ ಹಾಕಿದವನೂ ಅವನೇ. ನನ್ನ ಅಭಿಪ್ರಾಯದಲ್ಲಿ ಇದನ್ನು ಮುಚ್ಚಿಡುವ ಅಗತ್ಯವಿಲ್ಲ, ಇದರಿಂದ ಅವನನ್ನು ಅಲ್ಲಗಳೆಯುವ ಅಗತ್ಯವೂ ಇಲ್ಲ. ಬ್ರೆಸ್ಲೌವಿನ ಗಾಯಕರೂ ಆಳುವವರ ಹಾಡು ಹಾಡಿದರು, ತಾಲಿನ್ನಿನ ಗಾಯಕರೂ ಹಾಡಿದರು. ವ್ಯತ್ಯಾಸವಿಷ್ಟೆ: ಅಲ್ಲಿ ಒಕ್ಕೂಟ ತಾನಾಗಿಯೇ ಸೇರಿಕೊಂಡಿತು, ಪಕ್ಕದವನನ್ನು ಎಬ್ಬಿಸಿ ಕಳುಹಿಸಿತು, ಇಲ್ಲಿ ಒಕ್ಕೂಟವನ್ನು ಕಸಿದುಕೊಂಡರು, ಕೂಟ ತನ್ನವರ ನೆನಪನ್ನು ಬಿಡಲಿಲ್ಲ. ಬಲವಂತಕ್ಕೆ ಬಾಯಿ ಹಾಡುವುದು ಬೇರೆ, ಮನಸ್ಸು ಹಾಡುವುದು ಬೇರೆ. ಆದರೆ ಬಾಯಿ ಬಹುಕಾಲ ಹಾಡಿದರೆ ಮನಸ್ಸೂ ಅದನ್ನೇ ಹಾಡತೊಡಗೀತು ಎಂಬ ಭಯ ಇದ್ದೇ ಇದೆ. ಎಸ್ಟೋನಿಯದವರು ಆ ಅಂಚಿನಲ್ಲಿಯೇ ನಡೆದರು; ಬೀಳಲಿಲ್ಲ ಎಂಬುದು ಅವರ ಪುಣ್ಯ, ಅವರ ಅಭ್ಯಾಸದ ಫಲ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ೧೯೮೮ರ ಬೇಸಗೆಯ ಇರುಳುಗಳಲ್ಲಿ ತರುಣರು ಹಾಡಿದ ಹಾಡುಗಳಲ್ಲಿ ಹೆಚ್ಚು ಜನಪ್ರಿಯವಾದವು ಅಲೋ ಮಟ್ಟೀಸೆನ್ ಎಂಬ ಯುವಕ ರಚಿಸಿದ ಐದು ದೇಶಭಕ್ತಿಗೀತೆಗಳು. ಅವು ಗಿಟಾರ್, ಡ್ರಮ್ಮುಗಳ ಅಬ್ಬರದ ರಾಕ್ ಗೀತೆಗಳು. ಮೇಳಗಳ ನಾಲ್ಕು ಪಾಲಿನ ಹಾಡಿಗೂ ಅವಕ್ಕೂ ಸಂಬಂಧವೇ ಇಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅವುಗಳ ಒಡಲಲ್ಲಿ ಹಿಂದಿನ ಶತಮಾನದ ಮೇಳಗೀತೆಗಳ ತುಣುಕುಗಳನ್ನು ಪೋಣಿಸಲಾಗಿದೆ. ಅವುಗಳಲ್ಲಿ ಒಂದು, ೧೮೬೯ರಲ್ಲಿ ಹಾಡಿದ ಕುನಿಲೈಡನ ಎರಡು ಹಾಡುಗಳ ಪೈಕಿ ಎರಡನೆಯದಾದ ‘ಸಿಂಡ್ ಸುರ್ಮಾನಿ’. ಅಜ್ಜನ ಹಾಡನ್ನು ಮೊಮ್ಮಗ ಗುರುತಿಸಿದ. ಏಕೆಂದರೆ ನಡುವಣ ತಲೆಮಾರುಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿದ್ದವು. ಕ್ರಾಂತಿಯನ್ನು ಹಾಡೊಂದೇ ಮಾಡಲಿಲ್ಲ. ಮಾಸ್ಕೋದ ಆಳ್ವಿಕೆ ಸಡಿಲಗೊಂಡಿತ್ತು. ಜನಪರ ಸಂಘಟನೆಗಳು ದಿನದಿನವೂ ದುಡಿದಿದ್ದವು. ೧೯೮೯ರ ಆಗಸ್ಟ್ ೨೩ರಂದು ಮೂರು ಬಾಲ್ಟಿಕ್ ನಾಡುಗಳ ಜನ ಕೈಕೈ ಹಿಡಿದು ಮೈಲುಗಟ್ಟಲೆ ಸಾಲಾಗಿ ನಿಂತಿದ್ದರು. ಹಾಡು ಮಾಡಿದ ಕೆಲಸ ಇನ್ನೊಂದು. ಸಿಟ್ಟಿನಿಂದ ಸೇರಬಹುದಾಗಿದ್ದ ಲಕ್ಷಾಂತರ ಜನ ಒಬ್ಬರ ದನಿಯನ್ನು ಒಬ್ಬರು ಕೇಳಿಸಿಕೊಂಡು ಸೇರುವಂತೆ ಅದು ಮಾಡಿತು. ನಾಲ್ಕು ಪಾಲಿನ ಹಾಡು ಕಲಿತವನಿಗೆ ತನ್ನ ದನಿ ಎಷ್ಟು ಎತ್ತರದಲ್ಲಿರಬೇಕೆಂದು ಗೊತ್ತಿರುತ್ತದೆ.

ನಂತರದ ಕಾಲವನ್ನೂ ಒರೆಗಲ್ಲಿನಿಂದ ಬಿಡುವಂತಿಲ್ಲ. ಕಳೆದುಹೋಗಿದ್ದ ಹಳೆಯ ರೆಗಿಲಾವುಲ್ ಹಾಡನ್ನು ಮೇಳಗಳ ಬಾಯಿಗೆ ಮತ್ತೆ ತಂದವನು ವೆಲ್ಯೋ ತೋರ್ಮಿಸ್. ಅವನು ಬಾಳಿದ್ದು ೧೯೩೦ರಿಂದ ೨೦೧೭ರವರೆಗೆ. ೧೯೬೦ರ ದಶಕದಿಂದ ಆತ ಆ ಹೆಂಗಸರ ಹಾಡುಗಳನ್ನು ಅಂದಗೊಳಿಸಿ ಬದಲಿಸದೆ, ಮೇಳವನ್ನೇ ಅವುಗಳ ಲಯಕ್ಕೆ ಬಾಗಿಸಿದನು. ನೂರು ವರ್ಷಗಳ ಹಿಂದೆ ಹೊರಗಿಟ್ಟಿದ್ದ ಮುದುಕಿಯನ್ನು ಕೊನೆಗೂ ಒಳಗೆ ಕರೆದು ಕೂರಿಸಿದಂತಾಯಿತು. ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯ ನಾಡುಗಳ ಗಾನೋತ್ಸವಗಳನ್ನು ೨೦೦೩ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಅಮೂರ್ತ ಪರಂಪರೆಯೆಂದು ಮನ್ನಿಸಿತು. ಗೌರವ ಸಂದಿತು, ಪ್ರಶ್ನೆ ಮುಗಿಯಲಿಲ್ಲ. ಇಂದಿನ ಎಸ್ಟೋನಿಯದಲ್ಲಿ ಜನಸಂಖ್ಯೆಯ ಕಾಲುಭಾಗದಷ್ಟು ಮಂದಿಯ ಮನೆಮಾತು ರಷ್ಯನ್. ಬಿಡುಗಡೆಯ ನೆನಪಿನ ಹಾಡು ಅವರ ಪಾಲಿಗೆ ಯಾರ ಹಾಡು? ಅವರ ಮಕ್ಕಳು ಆ ಸಾಲಿನಲ್ಲಿ ನಿಂತಾಗ ಅದು ತಮ್ಮದೂ ಹೌದೆಂದು ಅವರಿಗೆ ಅನ್ನಿಸುವುದೇ? ಒಮ್ಮೆ ಹೊರಗಿಡಲ್ಪಟ್ಟವರು ಒಳಗೆ ಬಂದ ಮೇಲೆ ಬಾಗಿಲನ್ನು ಹೇಗೆ ಕಾಯುತ್ತಾರೆ ಎಂಬುದೇ ಅವರ ಹಾಡಿನ ನಿಜವಾದ ಪರೀಕ್ಷೆ.

ಇಂದಿಗೂ ಅಲ್ಲಿ ಉತ್ಸವಕ್ಕೆ ಸೇರಬಯಸುವ ಪ್ರತಿ ಮೇಳವೂ ಮುಂಚಿತವಾಗಿ ಹಾಡುಗಳ ಸ್ವರಲಿಪಿಯನ್ನು ಪಡೆದು, ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಬಲ್ಲವರ ಮುಂದೆ ಹಾ���ಿ ತೋರಿಸಿ ಒಪ್ಪಿಗೆ ಪಡೆಯಬೇಕು. ಬಯಲಿನಲ್ಲಿ ಹಾಡುವುದು ಒಂದೆರಡು ದಿನ. ಕೊಠಡಿಯಲ್ಲಿ ಕಲಿಯುವುದು ವರ್ಷವಿಡೀ. ದೂರದಿಂದ ನೋಡುವವರಿಗೆ ಕಾಣುವುದು ಬಯಲು. ಚರಿತ್ರೆ ನಡೆಯುವುದು ಕೊಠಡಿಯಲ್ಲಿ.

ನಮ್ಮ ನಾಡಿನಲ್ಲಿಯೂ ಭಜನಾ ಸಂಘಗಳಿಗೆ ಕೊರತೆಯಿಲ್ಲ. ಅವುಗಳ ಸಮ್ಮೇಳನಗಳು ನಡೆಯುತ್ತವೆ, ಸಾವಿರ ಕಂಠಗಳ ಗಾಯನದ ಏರ್ಪಾಟುಗಳಾಗುತ್ತವೆ. ಭಿತ್ತಿಪತ್ರಗಳಲ್ಲಿ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿಸುತ್ತೇವೆ. ಅದು ತಪ್ಪೆಂದು ಹೇಳಲಾರೆ. ಆದರೆ ಸಮ್ಮೇಳನ ಮುಗಿದ ಮರುವಾರದ ಸಂಜೆ ನಿಮ್ಮ ಊರಿನ ಕೂಟಕ್ಕೆ ಎಷ್ಟು ಜನ ಬಂದರು? ಅಂದು ಹಾಡಿದ ಹಾಡನ್ನು ಆರಿಸಿದವರು ಯಾರು? ಊರಿನ ಯಾವ ಕೇರಿಯವರು ಆ ಜಮಖಾನೆಯ ಮೇಲೆ ಕೂತಿದ್ದರು, ಯಾವ ಕೇರಿಯವರು ಕೂತಿರಲಿಲ್ಲ? ಹಾಡು ಬಲ್ಲ ಮುದುಕಿ ಒಳಗೆ ಕೂತಿದ್ದಳೋ, ಬಾಗಿಲ ಬಳಿ ನಿಂತಿದ್ದಳೋ? ಎಸ್ಟೋನಿಯದ ಕಥೆಯನ್ನು ಓದಿ ಮೆಚ್ಚಿಕೊಳ್ಳುವುದು ಸುಲಭ. ಅದು ನಮ್ಮನ್ನು ಕೇಳುವ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ಕಷ್ಟ. ಆ ಉತ್ತರವನ್ನು ವಾಚಕರು ತಮ್ಮ ತಮ್ಮ ಊರಿನಲ್ಲಿಯೇ ಹುಡುಕಿಕೊಳ್ಳಬೇಕು. ಒಕ್ಕೂಟದ ಕರೆ ಬಂದಾಗ ಹೋಗೋಣ. ಆದರೆ ಕರೆ ಬರುವ ಮೊದಲೇ ಕೂಟದ ಜಮಖಾನೆ ಹಾಸಿರಲಿ, ಅದರ ಮೇಲೆ ಇನ್ನೊಬ್ಬರಿಗೆ ಜಾಗವಿರಲಿ.